‘ಕಪ್ಪು ಎರಡು’ ಎಂಬ ಕ್ಷೇತ್ರ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಹನ್ನೆರಡನೇ ಸಂಸದೀಯ ಕ್ಷೇತ್ರದ 1992ರ ನಕ್ಷೆಯನ್ನು ಮೊದಲ ಸಲ ಕಂಡಾಗ ನಕ್ಕುಬಿಟ್ಟಿದ್ದೆ. ಸುಮಾರು 160 ಮೈಲಿ ಉದ್ದ, ಕೆಲವೆಡೆ ಹೆದ್ದಾರಿಯಷ್ಟೇ ಅಗಲ. ಡರ್ಹಮ್‌ನಿಂದ ಷಾರ್ಲೆಟ್‌ವರೆಗಿನ ಕಪ್ಪು ಜನರ ಬಡಾವಣೆಗಳನ್ನು ದಾರದಲ್ಲಿ ಪೋಣಿಸಿದಂತಿತ್ತು. ನಮ್ಮಲ್ಲಿರುವಂತೆ ಅಲ್ಲಿ ಮೀಸಲು ಕ್ಷೇತ್ರಗಳಿಲ್ಲ. ಅಲ್ಪಸಂಖ್ಯಾತರು ತಮಗೆ ಬೇಕಾದವರನ್ನು ಗೆಲ್ಲಿಸಿಕೊಳ್ಳುವುದೂ ಬಿಡುವುದೂ ಬಹುಮಟ್ಟಿಗೆ ಗಡಿಗೆರೆಯ ಕೈಯಲ್ಲಿದೆ.

ಅದೇ ರಾಜ್ಯದ 1872ರ ಕಥೆ ಓದಿದ ಮೇಲೆ ನನ್ನ ನಗು ನಿಂತಿತು. ಅಂತರ್ಯುದ್ಧದ ನಂತರ ಕಪ್ಪು ಗಂಡಸರಿಗೆ ಮತದ ಹಕ್ಕು ಬಂದಿತ್ತು. ರಾಜ್ಯದ ಶಾಸನಸಭೆ ಮಾತ್ರ ಅಷ್ಟರಲ್ಲಿ ಡೆಮಾಕ್ರಟಿಕ್ ಪಕ್ಷದ, ಅಂದರೆ ಆಗಿನ ಬಿಳಿಯರ ಪಕ್ಷದ, ಕೈಗೆ ಮರಳಿತ್ತು. ಪೂರ್ವ ಭಾಗದಲ್ಲಿ ಕಪ್ಪು ಜನ ಹೆಚ್ಚಿದ್ದ ಹಲವು ಕೌಂಟಿಗಳನ್ನು ಅವರು ಎರಡನೇ ಕ್ಷೇತ್ರಕ್ಕೆ ತುಂಬಿದರು. ಒಂದನ್ನು ಬಿಟ್ಟುಕೊಟ್ಟು ಉಳಿದವನ್ನು ಭದ್ರಪಡಿಸಿಕೊಳ್ಳುವ ಲೆಕ್ಕ. ಜನ ಅದನ್ನು ‘ಕಪ್ಪು ಎರಡು’ ಎಂದೇ ಕರೆದರು.

ಆ ಕಟ್ಟಿಹಾಕಿದ ಕ್ಷೇತ್ರವೇ ನಾಲ್ವರು ಕಪ್ಪು ಸಂಸದರನ್ನು ಕಳಿಸಿತು: ಜಾನ್ ಹೈಮನ್, ಜೇಮ್ಸ್ ಒ’ಹಾರಾ, ಹೆನ್ರಿ ಚೀಥಮ್, ಜಾರ್ಜ್ ಹೆನ್ರಿ ವೈಟ್. ಇದನ್ನೂ ಸಹಿಸಲಾಗದೆ 1900ರಲ್ಲಿ ರಾಜ್ಯ ಸಂವಿಧಾನಕ್ಕೆ ತಿದ್ದುಪಡಿ ತಂದು ಮತದಾರನಿಗೆ ಓದುಬರಹದ ಪರೀಕ್ಷೆ ಇಟ್ಟರು. 1867ಕ್ಕೆ ಮೊದಲು ಯಾರ ಅಪ್ಪ, ಅಜ್ಜ ಮತ ಹಾಕಬಹುದಿತ್ತೋ ಅವರಿಗೆ ವಿನಾಯಿತಿ; ಅಂದರೆ ಓದಲು ಬಾರದ ಬಿಳಿಯರಿಗೆ. 1901ರ ಜನವರಿಯಲ್ಲಿ ವೈಟ್ ವಿದಾಯ ಭಾಷಣ ಮಾಡಿ, ತಮ್ಮವರು ಮತ್ತೆ ಇಲ್ಲಿಗೆ ಬರುತ್ತಾರೆಂದು ಹೇಳಿ ಹೊರಟರು.

ನಾರ್ತ್ ಕೆರೊಲಿನಾದಿಂದ ಮತ್ತೆ ಕಪ್ಪು ಸಂಸದರು ಆಯ್ಕೆಯಾದದ್ದು 1992ರಲ್ಲಿ. ಈವಾ ಕ್ಲೇಟನ್ ಗೆದ್ದ ಒಂದನೇ ಕ್ಷೇತ್ರದೊಳಗೆ ಹಳೆಯ ‘ಕಪ್ಪು ಎರಡ’ರ ನೆಲವೂ ಇತ್ತು. ನಾನು ನಕ್ಕಿದ್ದ ಹನ್ನೆರಡನೆಯದರಲ್ಲಿ ಗೆದ್ದವರು ಮೆಲ್ ವಾಟ್.

ಮರುವರ್ಷವೇ ಸುಪ್ರೀಂ ಕೋರ್ಟ್, ‘ಶಾ ವರ್ಸಸ್ ರೆನೊ’ ಪ್ರಕರಣದಲ್ಲಿ, 5–4ರ ಬಹುಮತದಿಂದ ಇಂಥ ವಿಚಿತ್ರ ಆಕಾರವನ್ನು ಜನಾಂಗೀಯ ವಿಂಗಡಣೆಯೆಂದು ಪ್ರಶ್ನಿಸಬಹುದು ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಒ’ಕಾನರ್ ವರ್ಣಭೇದ ನೀತಿಯ ಹೋಲಿಕೆಯನ್ನೂ ತಂದರು. ಹನ್ನೆರಡರಲ್ಲಿ ಹತ್ತು ಕ್ಷೇತ್ರಗಳಲ್ಲಿ ಬಿಳಿಯರೇ ಬಹುಸಂಖ್ಯಾತರಾಗಿರುವಾಗ ಅವರಿಗೆ ಯಾವ ಅನ್ಯಾಯವಾಯಿತು ಎಂಬುದು ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರ ವಾದ. ನನಗೆ ಅದೇ ಸರಿ ಅನ್ನಿಸುತ್ತದೆ.

2011ರಲ್ಲಿ ಪಕ್ಷ ಬದಲಾಗಿತ್ತು, ಲೆಕ್ಕ ಹಳೆಯದೇ. ಬಿಳಿಯರ ಒಂದಿಷ್ಟು ಮತವೂ ಸೇರಿ ವಾಟ್ ಆರಾಮವಾಗಿ ಗೆಲ್ಲುತ್ತಿದ್ದ ಕ್ಷೇತ್ರಕ್ಕೆ ರಿಪಬ್ಲಿಕನ್ನರು ಇನ್ನಷ್ಟು ಕಪ್ಪು ಮತದಾರರನ್ನು ತುಂಬಿದರು. ಮತದಾನದ ವಯಸ್ಸಿನವರಲ್ಲಿ ಅವರ ಪಾಲು ಸುಮಾರು ಶೇ. 43ರಿಂದ 50ಕ್ಕೆ ಏರಿತು. ಮತದಾನದ ಹಕ್ಕಿನ ಕಾಯ್ದೆಯನ್ನು ಪಾಲಿಸಿದ್ದೇವೆ ಎಂಬ ಸಮಜಾಯಿಷಿ ಬೇರೆ! ಸುಪ್ರೀಂ ಕೋರ್ಟ್ 2017ರಲ್ಲಿ ಆ ಕ್ಷೇತ್ರವನ್ನು ಒಪ್ಪಲಿಲ್ಲ.

1872ರ ಕ್ಷೇತ್ರ ಇಡಿ ಇಡಿ ಕೌಂಟಿಗಳನ್ನು ಜೋಡಿಸಿ ಮಾಡಿದ್ದು. ನಕ್ಷೆಯಲ್ಲಿ ಅದನ್ನು ನೋಡಿದರೆ ಯಾರಿಗೂ ನಗು ಬರುವುದಿಲ್ಲ.