ಕೀತ್ ಎಮರ್ಸನ್ನನ ಹಳೆಯ ಮೇಳ

ಹೊಳೆ ಹಿರಿದಾದ ಮೇಲೆ ಅದರ ಮೂಲದ ಒರತೆಯನ್ನು ನೆನೆಯುವವರು ವಿರಳ. ಸಂಗೀತದ ಚರಿತ್ರೆಯಲ್ಲಿಯೂ ಇದೇ ನ್ಯಾಯ ನಡೆದುಬಂದಿದೆ. 2016ನೆಯ ಮಾರ್ಚ್ ತಿಂಗಳಲ್ಲಿ ಕೀತ್ ಎಮರ್ಸನ್ ತೀರಿಕೊಂಡಾಗ ಲೋಕವು ಅವನನ್ನು ‘ಎಮರ್ಸನ್, ಲೇಕ್ ಅಂಡ್ ಪಾಮರ್’ ಎಂಬ ಪ್ರಸಿದ್ಧ ಮೇಳದವನೆಂದೇ ಸ್ಮರಿಸಿತು. ಅದಕ್ಕೆ ಮೊದಲು, 1967ರಿಂದ 1970ರವರೆಗೆ, ಮೂರೇ ವರ್ಷ ಬಾಳಿದ ‘ದಿ ನೈಸ್’ ಎಂಬ ಮೇಳವೊಂದಿತ್ತೆಂಬುದನ್ನೂ, ಮುಂದೆ ಅವನಿಗೆ ಕೀರ್ತಿ ತಂದ ವಿದ್ಯೆಯ ಬಹುಭಾಗ ಅಲ್ಲಿಯೇ ರೂಪುಗೊಂಡಿತೆಂಬುದನ್ನೂ ಬಲ್ಲವರು ಕಡಮೆ.

ಎಮರ್ಸನ್ ಹುಟ್ಟಿದ್ದು 1944ನೆಯ ನವೆಂಬರ್ 2ರಂದು, ಯುದ್ಧಕಾಲದಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಟಾಡ್ಮೊರ್ಡೆನ್ ಎಂಬ ಊರಿನಲ್ಲಿ. ಬೆಳೆದದ್ದು ದಕ್ಷಿಣದ ಕಡಲತೀರದ ವರ್ದಿಂಗ್‌ನಲ್ಲಿ. ಬಾಲ್ಯದಲ್ಲಿಯೇ ಪಿಯಾನೋ ಕಲಿತು, ಬಾಖ್‌ನ ಸಂಪ್ರದಾಯವನ್ನೂ ಅಮೆರಿಕದ ಜಾಸ್ ಸಂಗೀತವನ್ನೂ ಒಂದೇ ಕೈಯಲ್ಲಿ ರೂಢಿಸಿಕೊಂಡನು. ಕೆಲಕಾಲ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸವನ್ನೂ ಮಾಡಿದನು. ಅವನ ಹೆಸರಿನೊಡನೆ ಸೇರಿಹೋದ ವಾದ್ಯವೆಂದರೆ ಹ್ಯಾಮಂಡ್ ಆರ್ಗನ್. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರಾಟಕ್ಕೆ ತಂದ ಈ ವಾದ್ಯದಲ್ಲಿ ನಮ್ಮ ಹಾರ್ಮೋನಿಯಮ್ಮಿನಂತೆ ತಿದಿಯಿಲ್ಲ, ಗಾಳಿಯಿಲ್ಲ. ಹಲ್ಲುಳ್ಳ ಲೋಹದ ಚಕ್ರಗಳು ವಿದ್ಯುತ್ತಿನಿಂದ ಅಯಸ್ಕಾಂತಗಳ ಮುಂದೆ ತಿರುಗುವಾಗ ತಂತಿಯ ಸುರುಳಿಯಲ್ಲಿ ಹುಟ್ಟುವ ಅಲೆಯೇ ಧ್ವನಿವರ್ಧಕದಲ್ಲಿ ಸ್ವರವಾಗಿ ಕೇಳುತ್ತದೆ. ದೊಡ್ಡ ಕೊಳವೆಗಳ ಆರ್ಗನ್ನಿಗೆ ಹಣ ಸಾಲದ ಚರ್ಚುಗಳು ಇದನ್ನು ಬಹುವಾಗಿ ಕೊಂಡವು. ಒತ್ತಿದ ಕೀಲಿಯನ್ನು ಬಿಡುವವರೆಗೂ ಸ್ವರ ಕುಂದದೆ ನಿಲ್ಲುವುದು ಇದರ ಗುಣ. ಎಮರ್ಸನ್ ಈ ಗುಣವನ್ನು ವಿಚಿತ್ರವಾಗಿ ಬಳಸಿಕೊಂಡನು. ಕೀಲಿಗಳ ನಡುವೆ ಚೂರಿಯನ್ನು ಸಿಕ್ಕಿಸಿ, ಒಂದೆರಡು ಸ್ವರಗಳು ಶ್ರುತಿಯಂತೆ ಮೊರೆಯುತ್ತಿರಲು, ಎರಡು ಕೈಗಳನ್ನೂ ಬೇರೆ ಕೆಲಸಕ್ಕೆ ತೊಡಗಿಸುತ್ತಿದ್ದನು. ನೋಡುವವರಿಗೆ ಅದು ದೊಂಬರಾಟವಾಗಿ ಕಂಡಿತು. ಆದರೆ ಅದರೊಳಗೊಂದು ಸಂಗೀತದ ಯುಕ್ತಿಯೂ ಇತ್ತು.

‘ನೈಸ್’ ಮೇಳವು 1967ರಲ್ಲಿ ಹುಟ್ಟಿದ್ದು ಅಮೆರಿಕದಿಂದ ಬಂದಿದ್ದ ಗಾಯಕಿ ಪಿ. ಪಿ. ಆರ್ನಾಲ್ಡ್‌ಳ ಪಕ್ಕವಾದ್ಯಕ್ಕಾಗಿ. ಎಮರ್ಸನ್, ಗಿಟಾರಿನ ಡೇವಿಡ್ ಓಲಿಸ್ಟ್, ಬೇಸ್ ಗಿಟಾರಿನ ಲೀ ಜಾಕ್ಸನ್, ಸ್ವಲ್ಪಕಾಲದಲ್ಲೇ ಬಂದು ಸೇರಿದ ಡ್ರಮ್ ವಾದಕ ಬ್ರಯನ್ ಡೇವಿಸನ್: ಈ ನಾಲ್ವರ ಹೆಸರುಗಳ ತುಂಡುಗಳನ್ನು ಜೋಡಿಸಿ ‘ಎಮರ್‌ಲಿಸ್ಟ್ ಡಾವ್‌ಜಾಕ್’ ಎಂಬ ಕಲ್ಪಿತ ವ್ಯಕ್ತಿಯನ್ನು ಸೃಷ್ಟಿಸಿ, ಮೊದಲ ಧ್ವನಿಮುದ್ರಿಕೆಗೆ ಆ ಹೆಸರನ್ನೇ ಇಟ್ಟರು. ಅದರಲ್ಲಿನ ‘ರಾಂಡೊ’ ಗಮನಾರ್ಹವಾದುದು. ಜಾಸ್ ವಿದ್ವಾಂಸ ಡೇವ್ ಬ್ರೂಬೆಕ್ ಒಂಬತ್ತು ಎಣಿಕೆಯ ತುರ್ಕಿ ನಡೆಯಲ್ಲಿ ರಚಿಸಿದ್ದ ಕೃತಿಯನ್ನು ಇವರು ನಾಲ್ಕರ ನಡೆಗೆ ತಂದರು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಸಂಕೀರ್ಣವನ್ನು ಚತುರಶ್ರಕ್ಕೆ ಇಳಿಸಿದರು. ಇಳಿಸಿದುದರಿಂದ ಸೂಕ್ಷ್ಮ ಹೋಯಿತು, ವೇಗ ಬಂತು.

1968ರಲ್ಲಿ ಅವರು ಲೆನರ್ಡ್ ಬರ್ನ್‌ಸ್ಟೀನನ ‘ಅಮೆರಿಕ’ ಎಂಬ ಗೀತೆಯನ್ನು ವಾದ್ಯಗಳಿಗೆ ಅಳವಡಿಸಿ ಮುದ್ರಿಸಿದರು. ಅದು ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿ ಇಬ್ಬರೂ ಕೊಲೆಯಾದ ವರ್ಷ. ಮೂಲದಲ್ಲಿ ವಲಸೆ ಬಂದವರ ವಿನೋದವಾಗಿದ್ದ ಗೀತೆ ಇವರಲ್ಲಿ ವಾದ್ಯಗಳ ಪ್ರತಿಭಟನೆಯಾಯಿತು. ಆ ಜೂನ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ವರ್ಣಭೇದದ ವಿರುದ್ಧ ನಡೆದ ಸಭೆಯೊಂದರಲ್ಲಿ, ಇದನ್ನು ನುಡಿಸುತ್ತ ಎಮರ್ಸನ್ ಬಣ್ಣದಲ್ಲಿ ಬರೆದ ಅಮೆರಿಕದ ಧ್ವಜವನ್ನು ಸುಟ್ಟನು. ಸಭಾಂಗಣವು ಮೇಳಕ್ಕೆ ಬಹಿಷ್ಕಾರ ಹಾಕಿತು. ಒಂದು ನಾಡಿನ ಧ್ವಜವನ್ನು ಸುಡುವುದನ್ನು ಸಮರ್ಥಿಸಬೇಕಾಗಿಲ್ಲ. ವಿಷಾದದ ಸಂಗತಿಯೆಂದರೆ, ಆ ಒಂದು ಗಳಿಗೆಯ ಬೆಂಕಿ ಜನರ ನೆನಪಿನಲ್ಲಿ ಉಳಿಯಿತು. ಆರು ನಿಮಿಷಕ್ಕೂ ಮೀರಿದ ಆ ವಾದನದ ಕಟ್ಟಡ ಉಳಿಯಲಿಲ್ಲ.

ಅದೇ ವರ್ಷ ಓಲಿಸ್ಟ್ ಮೇಳವನ್ನು ಬಿಟ್ಟನು. ಗಿಟಾರೇ ನಾಯಕನಾಗಿದ್ದ ಕಾಲದಲ್ಲಿ ಉಳಿದ ಮೂವರು ಆ ಸ್ಥಾನವನ್ನು ತುಂಬದೆ ಮುಂದುವರಿದರು. ಪಕ್ಕದಲ್ಲಿ ಕುಳಿತಿರಬೇಕಾದ ವಾದ್ಯವು ಹೀಗೆ ರಂಗದ ಮುಂಭಾಗಕ್ಕೆ ಬಂದಿತು. ಇದೇ ಈ ಮೇಳದ ಮುಖ್ಯ ಸಾಧನೆ. ಎರಡನೆಯ ಮುದ್ರಿಕೆಗೆ ಲ್ಯಾಟಿನ್ ಭಾಷೆಯಲ್ಲಿ ‘ಆರ್ಸ್ ಲಾಂಗ ವೀಟ ಬ್ರೆವಿಸ್’ ಎಂದು ಹೆಸರು: ಕಲೆ ದೀರ್ಘ, ಬಾಳು ಹ್ರಸ್ವ. ಗ್ರೀಸಿನ ವೈದ್ಯ ಹಿಪೊಕ್ರಟೀಸನಿಂದ ಬಂದುದೆನ್ನುವ ಮಾತಿದು. ಬಾಖ್‌ನ ಮೂರನೆಯ ಬ್ರಾಂಡನ್‌ಬರ್ಗ್ ಕೃತಿಯ ಭಾಗವೂ ಫಿನ್ಲೆಂಡಿನ ಸಿಬೇಲಿಯಸ್‌ನ ರಚನೆಯೂ ಅಲ್ಲಿ ಇವೆ. 1969ರ ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ನಗರದ ಕಲೋತ್ಸವಕ್ಕಾಗಿ ‘ಫೈವ್ ಬ್ರಿಡ್ಜಸ್’ ಎಂಬ ಕೃತಿಯನ್ನು ವಾದ್ಯವೃಂದದೊಡನೆ ನುಡಿಸಿದರು. ಟೈನ್ ನದಿಯ ಮೇಲೆ ಅಂದು ಆ ನಗರಕ್ಕಿದ್ದ ಐದು ಸೇತುವೆಗಳೇ ಅದರ ವಸ್ತು. ಲೀ ಜಾಕ್ಸನ್ ಆ ಊರಿನವನೇ. ಅದು ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಆದರೆ 1970ರ ಬೇಸಗೆಯಲ್ಲಿ ಅದು ಅಂಗಡಿಗೆ ಬರುವ ಹೊತ್ತಿಗೆ ಮೇಳವೇ ಒಡೆದಿತ್ತು.

ಮರೆವಿಗೆ ಕಾರಣಗಳು ಸ್ಪಷ್ಟವಾಗಿವೆ. ಅವರ ಮೊದಲ ಮುದ್ರಿಕೆಗಳನ್ನು ಹೊರತಂದ ‘ಇಮ್ಮೀಡಿಯೆಟ್’ ಸಂಸ್ಥೆ 1970ರಲ್ಲಿ ದಿವಾಳಿಯಾಯಿತು. ವಾದ್ಯವೃಂದದೊಡನೆ ರಾಕ್ ಸಂಗೀತವೆಂದರೆ ಜನ ನೆನೆಯುವುದು ‘ಡೀಪ್ ಪರ್ಪಲ್’ ಮೇಳದ ಜಾನ್ ಲಾರ್ಡ್ 1969ರ ಸೆಪ್ಟೆಂಬರಿನಲ್ಲಿ ನುಡಿಸಿದ ಕೃತಿಯನ್ನು. ‘ನೈಸ್’ ಹಿಂದಿನ ವರ್ಷವೇ ವೃಂದದೊಡನೆ ಮುದ್ರಣ ಮಾಡಿದ್ದಿತು. ಎಮರ್ಸನ್ ತಾನೇ ಮೂಗ್ ಸಿಂಥಸೈಜರ್ ಎಂಬ ಹೊಸ ವಾದ್ಯದೊಡನೆ, ಗ್ರೆಗ್ ಲೇಕ್ ಮತ್ತು ಕಾರ್ಲ್ ಪಾಮರ್‌ರನ್ನು ಕೂಡಿಕೊಂಡು, ಹೆಚ್ಚಿನ ಕೀರ್ತಿಗೆ ಏರಿದನು. ಹಿಂದೆ ಉಳಿದ ಜಾಕ್ಸನ್ ಮತ್ತು ಡೇವಿಸನ್, ಪ್ಯಾಟ್ರಿಕ್ ಮೊರಾಜ್ ಎಂಬ ಸ್ವಿಸ್ ವಾದಕನೊಡನೆ ‘ರೆಫ್ಯೂಜಿ’ ಎಂಬ ಮೇಳ ಕಟ್ಟಿದರು. 1974ರಲ್ಲಿ ಅವನೂ ‘ಯೆಸ್’ ಎಂಬ ದೊಡ್ಡ ಮೇಳಕ್ಕೆ ಹೊರಟುಹೋದನು. ಇಬ್ಬರು ಪ್ರಾಮಾಣಿಕ ಕಲಾವಿದರು ಹೀಗೆ ಎರಡು ಸಲ ದಡದಲ್ಲಿ ಉಳಿದರು.

2002ರಲ್ಲಿ ಮೂವರೂ ಮತ್ತೆ ಕೂಡಿ ಬ್ರಿಟನ್ನಿನಲ್ಲಿ ಕಚೇರಿ ಮಾಡಿದರು. 2008ರಲ್ಲಿ ಡೇವಿಸನ್ ತೀರಿದನು. ಎಮರ್ಸನ್ನನ ಬಲಗೈಯ ನರಗಳಿಗೆ 1990ರ ದಶಕದಿಂದಲೇ ತೊಂದರೆಯಿತ್ತು. ಜಪಾನಿನ ಕಚೇರಿಗಳು ಸಮೀಪಿಸುತ್ತಿರಲು, ಕೈ ಮೊದಲಿನಂತೆ ನಡೆಯದೆಂಬ ಚಿಂತೆ ಅವನನ್ನು ಕಾಡಿತೆಂದು ಹತ್ತಿರದವರು ಹೇಳಿದ್ದಾರೆ. 71ನೆಯ ವಯಸ್ಸಿನಲ್ಲಿ ತಾನಾಗಿಯೇ ಪ್ರಾಣ ಬಿಟ್ಟನು. ಚೂರಿ, ಬೆಂಕಿಗಳಿಂದ ಸಭೆಯನ್ನು ಬೆರಗುಗೊಳಿಸಿದವನಿಗೆ ಕೊನೆಗೂ ಮುಖ್ಯವಾಗಿ ಕಂಡದ್ದು ಸ್ವರ ಶುದ್ಧವಾಗಿ ಬರುವುದೇ ಎಂಬುದನ್ನು ನಾವು ಮರೆಯಬಾರದು.

ಈ ಮೇಳದ ಕೃತಿಗಳಲ್ಲಿ ಬೆಸುಗೆ ಎಲ್ಲೆಡೆಯೂ ಹದವಾಗಿ ಕೂಡಿಲ್ಲ. ವಾದ್ಯವೃಂದ ಒಂದು ಕಡೆ, ಮೇಳ ಒಂದು ಕಡೆ ಎನ್ನಿಸುವ ಸ್ಥಳಗಳಿವೆ. ದಾರಿಯಿಲ್ಲದಲ್ಲಿ ಮೊದಲು ನಡೆದವರ ಹೆಜ್ಜೆ ಹಾಗೆಯೇ ಇರುತ್ತದೆ. ಅವರನ್ನು ಪರಿಚಯ ಮಾಡಿಕೊಳ್ಳಬಯಸುವವರು ಮೊದಲು ‘ರಾಂಡೊ’ವನ್ನು ಕೇಳಿ, ಆಮೇಲೆ ‘ಫೈವ್ ಬ್ರಿಡ್ಜಸ್’ಗೆ ಬರುವುದು ಲೇಸು. ಆರ್ಗನ್ನಿನೊಡನೆ ಜಾಕ್ಸನ್ ಮತ್ತು ಡೇವಿಸನ್ನರ ಕೈಗಳನ್ನೂ ಗಮನವಿಟ್ಟು ಕೇಳಬೇಕು.