ಚನ್ನಪಟ್ಟಣದ ಅರಗಿನ ಮೆರುಗು

ಕಡೆದ ಮರಕ್ಕೆ ಬಣ್ಣ ಬೆರೆತ ಅರಗನ್ನು ಬಿಸಿಯಿಂದಲೇ ಹತ್ತಿಸಿ ಹೊಳಪು ಕೊಡುವ ಕಸುಬು. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣ ಇದರ ಮುಖ್ಯ ನೆಲೆ. ಊರಿಗೆ ಹೆಸರು ತಂದದ್ದು ಗೊಂಬೆಗಳಾದರೂ ಗೊಂಬೆಯನ್ನು ಬೇರೆಯಾಗಿಸಿದ್ದು ಮೈಮೇಲಿನ ಈ ಮೆರುಗು.

ಅರಗು ಈ ನೆಲಕ್ಕೆ ಹೊಸದಲ್ಲ. ಅಥರ್ವವೇದದಲ್ಲಿ ‘ಲಾಕ್ಷಾ’ ಬರುತ್ತದೆ, ಮಹಾಭಾರತದ ಅರಗಿನ ಮನೆ ಎಲ್ಲರಿಗೂ ಗೊತ್ತು. ಮುತ್ತುಗ, ಬೋರೆ, ಕುಸುಮದ ಮರಗಳ ರೆಂಬೆಗಳಲ್ಲಿ ಪುಟ್ಟ ಕೀಟವೊಂದು ಸ್ರವಿಸುವ ಅಂಟು ಇದು.

ತೊಡಕಿರುವುದು ಚನ್ನಪಟ್ಟಣಕ್ಕೆ ಈ ವಿದ್ಯೆ ಬಂದ ಬಗೆಯಲ್ಲಿ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿ ಸ್ಥಳೀಯರಿಗೆ ಕಲಿಸಿದನೆಂಬ ಮಾತು ಪ್ರವಾಸಿ ಕೈಪಿಡಿಗಳಿಂದ ಸರ್ಕಾರಿ ಪ್ರಕಟಣೆಗಳವರೆಗೆ ಎಲ್ಲೆಡೆ ಇದೆ. ಟಿಪ್ಪು ಮಡಿದದ್ದು 1799ರಲ್ಲಿ. ಮರುವರ್ಷವೇ ಈ ಊರನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇಲ್ಲಿನ ಗಾಜು, ವಾದ್ಯಗಳ ಉಕ್ಕಿನ ತಂತಿ ಮತ್ತು ಸಕ್ಕರೆಗೆ ಒತ್ತು ಕೊಡುತ್ತಾನೆ. ಶತಮಾನ ಕಳೆದ ಮೇಲೆ, 1908ರ ಇಂಪೀರಿಯಲ್ ಗೆಜೆಟಿಯರ್ ಹೊತ್ತಿಗೆ, ತಂತಿ, ಬಳೆಗಳ ಜೊತೆಗೆ ಅರಗಿನ ಸಾಮಾನು, ಆಟಿಕೆಗಳೂ ಊರಿನ ಹೆಗ್ಗಳಿಕೆಯಾಗಿವೆ. ಇದರಿಂದ ಟಿಪ್ಪುವಿನ ಕತೆ ಸುಳ್ಳೆನ್ನಲಾಗದು. ಆದರೆ ಕಸುಬು ಊರಿನ ಗುರುತಾಗಿ ಬೆಳೆದದ್ದು ಹತ್ತೊಂಬತ್ತನೇ ಶತಮಾನದಲ್ಲಿ ಎನ್ನಲು ಆಧಾರ ಹೆಚ್ಚು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ವಿಧಾನಗಳನ್ನು ಅಳವಡಿಸಿದರೆನ್ನಲಾದ ಬಾವಾಸ್ ಮಿಯಾನ್ ಅವರನ್ನು ಈ ಕಸುಬಿನ ಪಿತಾಮಹರೆಂದು ಗೌರವಿಸಲಾಗುತ್ತದೆ.

ಈ ಕಸುಬಿಗೆ ಮೊದಲಿನಿಂದ ಬಳಸುವ ಮರ ಆಲೆ. ಬಿಳುಪು, ಮೃದು, ಎಳೆ ಸಣ್ಣ. ಚನ್ನಪಟ್ಟಣದ ಸುತ್ತಲಷ್ಟೇ ಅಲ್ಲ, ತಮಿಳುನಾಡು ಗಡಿಯಾಚೆ ಹೊಸೂರು–ಕೃಷ್ಣಗಿರಿಯ ಒಣ ಗುಡ್ಡಗಳಲ್ಲೂ ಬೆಳೆಯುತ್ತದೆ. ಹಸಿ ಮರ ಒಣಗುವಾಗ ಕುಗ್ಗಿ ಬಿರಿಯುವುದರಿಂದ ತಿಂಗಳುಗಟ್ಟಲೆ ಇಟ್ಟು ಆರಿಸುತ್ತಾರೆ. ತಿರುಗುವ ತುಂಡನ್ನು ಉಳಿಯಿಂದ ಕಡೆದು, ಉಪ್ಪು ಕಾಗದ ಹಿಡಿದು ನಯಮಾಡುತ್ತಾರೆ. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಯಲ್ಲಿ ಒಣಗಿದ ತಾಳೆಗರಿ: ಕೇದಗೆ ಜಾತಿಯ ಈ ಒರಟು ಎಲೆಯನ್ನು ಮಡಚಿ ಒತ್ತಿದಾಗ ಪಟ್ಟೆಪಟ್ಟೆಯಾಗಿ ನಿಂತ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಬ್ರಷ್ಷೂ ಇಲ್ಲ, ಸ್ಪಿರಿಟ್ಟೂ ಇಲ್ಲ. ಒಣಗಲು ಕಾಯುವ ಮಾತಂತೂ ಇಲ್ಲವೇ ಇಲ್ಲ.

ತಿರುಗದ ಮರಕ್ಕೆ ಈ ವಿಧಾನ ಒಗ್ಗದು. ಗೊಂಬೆಗಳೂ ಕುಂಕುಮದ ಭರಣಿಗಳೂ ಗುಂಡಗಿರಲು ಅರ್ಧ ಕಾರಣ ಇದೇ. ಬಾಗಿಲು, ಬೀರು, ತೊಲೆಯಂಥವಕ್ಕೆ ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತಿಕ್ಕುವ ಫ್ರೆಂಚ್ ಪಾಲೀಶ್ ಬೇಕು. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬಳಕೆಗೆ ಬಂದ ಈ ಪಾಲೀಶ್‌ನ ಮೂಲ ಸರಕು ಭಾರತದ್ದೇ. ಮಳೆ, ಬಿಸಿಲು ಮತ್ತು ಬಿಸಿ ಲೋಟ ಎರಡು ಬಗೆಗೂ ಶತ್ರುಗಳು. ಹೊರಗೋಡೆಯ ಮರಕ್ಕೆ ಯಾರೂ ಅರಗು ಹಚ್ಚುವುದಿಲ್ಲ.

ಕೈಯಿಂದ ಹಗ್ಗ ಎಳೆದು ತಿರುಗಿಸುತ್ತಿದ್ದ ಕಡಚಲಿನ ಜಾಗಕ್ಕೆ ವಿದ್ಯುತ್ ಲೇತ್ ಬಂದಿದೆ. ಆಲೆಯ ಜೊತೆಗೆ ರಬ್ಬರ್ ಮರವೂ ಲೇತಿಗೇರುತ್ತದೆ. ಬಣ್ಣದ ಪ್ರಶ್ನೆ ಮುನ್ನೆಲೆಗೆ ಬಂದದ್ದು ತಡವಾಗಿ. ಸೀಸವಿರುವ ಬಣ್ಣದ ಕಾರಣಕ್ಕೆ 2007ರಲ್ಲಿ ಮ್ಯಾಟೆಲ್ ಕಂಪನಿ ಚೀನಾದಲ್ಲಿ ತಯಾರಾದ ಆಟಿಕೆಗಳನ್ನು ಲಕ್ಷಗಟ್ಟಲೆ ವಾಪಸು ಪಡೆದಾಗ, ಅರಿಸಿನ, ನೀಲಿ, ಕಾಚಿನಂಥ ಸಸ್ಯಬಣ್ಣ ಬೆರೆಸಿದ ಅರಗಿಗೆ ಮಗುವಿನ ಬಾಯಿಗೂ ಸುರಕ್ಷಿತವೆಂಬ ಹೊಸ ವ್ಯಾಪಾರದ ಬಲ ಸಿಕ್ಕಿತು. ಅದಕ್ಕೂ ಮೊದಲೇ, 2005–06ರಲ್ಲಿ, ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕ ದೊರೆತಿತ್ತು. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ಆ ನೋಂದಣಿ ಕೆಲಸಕ್ಕೆ ಬಂತು: ಭೌಗೋಳಿಕ ಸೂಚಕವಿರುವ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ತಯಾರಿಕೆಗೂ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು.