ಕಪಾಟಿನೊಳಗಿನ ಇತಿಹಾಸ: ‘ದಿ ಸಿಮ್ಸ್’ ಆಟದ ಬಟ್ಟೆಬರೆ

ಸೋಲಾಪುರ, ಅಕ್ಕಲಕೋಟ, ಜತ್ತ ಸೀಮೆಯ ಹಳೆ ತಲೆಮಾರಿನವರನ್ನು ಸಾಲಾಗಿ ನಿಲ್ಲಿಸಿದರೆ ಯಾರು ಕನ್ನಡದವರು, ಯಾರು ಮರಾಠಿಯವರು ಎಂದು ಬಟ್ಟೆ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಅದೇ ಧೋತರ, ಅದೇ ಬಿಳಿ ಟೊಪ್ಪಿಗೆ, ಅದೇ ಇಳಕಲ್ ಸೀರೆ. ಬಾಯಿ ಬಿಟ್ಟಾಗಲೇ ಗೊತ್ತಾಗಬೇಕು. ನಾವು ಗಡಿಯಾಚೆಯವರು ನಮ್ಮ ಗುರುತನ್ನು ಮಾತಿನಲ್ಲಿ ಇಟ್ಟುಕೊಂಡು ಬಂದವರೇ ಹೊರತು ಬಟ್ಟೆಯಲ್ಲಿ ಅಲ್ಲ.

ಇದಕ್ಕೆ ತೀರಾ ತಿರುಗುಮುರುಗಾದ ಒಂದು ಲೋಕವಿದೆ. ಅಲ್ಲಿ ಎಲ್ಲರದೂ ಒಂದೇ ಮಾತು, ಆ ಮಾತಿಗೆ ಅರ್ಥವೂ ಇಲ್ಲ. ಯಾರು ಯಾರೆಂದು ತಿಳಿಯಲು ಉಟ್ಟ ಬಟ್ಟೆಯನ್ನೇ ನೋಡಬೇಕು. ಅದು ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟದ ಲೋಕ. ನಾವು ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವಾಗ ಮೌರ್ಯರು ಏನು ಉಡುತ್ತಿದ್ದರು, ಪೇಶ್ವೆಯರು ಏನು ತೊಡುತ್ತಿದ್ದರು ಎಂದು ಹೇಳುತ್ತೇವೆ. ಅದೇ ಮಕ್ಕಳು ಮನೆಗೆ ಹೋಗಿ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಪಾತ್ರಗಳಿಗೆ ಬಟ್ಟೆ ತೊಡಿಸುವುದಕ್ಕೂ ಒಂದು ಇತಿಹಾಸ ಇದೆಯೆಂದು ಹೇಳುವವರು ಕಡಿಮೆ. ಆದ್ದರಿಂದ ಈ ಸಲ ಅದನ್ನೇ ನೋಡೋಣ.

ಮನೆಗಾಗಿ ಬಂದ ಜನ

ಈ ಆಟದ ಕರ್ತೃ ಅಮೆರಿಕದ ವಿಲ್ ರೈಟ್. 1989ರಲ್ಲಿ ‘ಸಿಮ್‌ಸಿಟಿ’ ಎಂಬ ನಗರ ಕಟ್ಟುವ ಆಟ ಮಾಡಿ ಹೆಸರಾದವರು. 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲಂಡ್ ಗುಡ್ಡಗಳಿಗೆ ಬಿದ್ದ ಬೆಂಕಿಯಲ್ಲಿ ಅವರ ಮನೆ ಸುಟ್ಟುಹೋಯಿತು. ಒಂದು ಸಂಸಾರಕ್ಕೆ ಬೇಕಾದುದನ್ನೆಲ್ಲ ಮೊದಲಿನಿಂದ ಕೂಡಿಸುವ ಆ ಅನುಭವ ಹೊಸ ಆಟದ ವಿಚಾರಕ್ಕೆ ಬೀಜವಾಯಿತು. ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ 1977ರಲ್ಲಿ ಬರೆದ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಗ್ರಂಥದ ಪ್ರಭಾವವೂ ಇತ್ತು. ಮೊದಲಿಗೆ ಅದು ಮನೆ ಕಟ್ಟುವ ಆಟ. ಕಟ್ಟಿದ ಮನೆ ವಾಸಕ್ಕೆ ಚೆನ್ನಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಮಾತ್ರ ಒಳಗೆ ಜನರನ್ನು ಬಿಡಲಾಯಿತು. ಬಿಟ್ಟ ಮೇಲೆ ಮನೆಗಿಂತ ಜನರೇ ಸ್ವಾರಸ್ಯವಾದರು!

1997ರಲ್ಲಿ ರೈಟ್ ಅವರ ಮ್ಯಾಕ್ಸಿಸ್ ಕಂಪನಿಯನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಕೊಂಡಿತು. 2000ದ ಫೆಬ್ರವರಿ 4ರಂದು ಆಟ ಹೊರಬಂತು. ಅದರಲ್ಲಿ ಶತ್ರು ಇಲ್ಲ, ಗೆಲುವು ಇಲ್ಲ, ಕೊನೆಯೂ ಇಲ್ಲ. ಉಣ್ಣುವುದು, ಮಲಗುವುದು, ಸ್ನಾನ, ನೌಕರಿ, ಜಗಳ, ಮದುವೆ, ಇಷ್ಟೇ. 2002ರ ಮಾರ್ಚಿನ ಹೊತ್ತಿಗೆ ಅದು ‘ಮಿಸ್ಟ್’ ಆಟವನ್ನು ಹಿಂದೆ ಹಾಕಿ, ಅಲ್ಲಿಯವರೆಗೆ ಅತಿ ಹೆಚ್ಚು ಮಾರಾಟವಾದ ಕಂಪ್ಯೂಟರ್ ಆಟವೆನಿಸಿತು.

ಪಾತ್ರಗಳ ಮಾತಿಗೆ ‘ಸಿಮ್ಲಿಶ್’ ಎಂದು ಹೆಸರು. ಯಾವುದೋ ನಿಜವಾದ ಭಾಷೆಯನ್ನು ಇಟ್ಟರೆ ಅದೇ ನಾಲ್ಕು ಮಾತು ಮತ್ತೆ ಮತ್ತೆ ಕೇಳಿ ಬೇಸರ ಬರುತ್ತದೆ. ಅದಕ್ಕೇ ಸ್ಟೀಫನ್ ಕಿಯರಿನ್, ಗೆರಿ ಲಾಲರ್ ಎಂಬ ಕಲಾವಿದರು ಸ್ಥಳದಲ್ಲೇ ಹುಟ್ಟಿಸಿದ ಅರ್ಥವಿಲ್ಲದ ನುಡಿಯನ್ನು ಧ್ವನಿಮುದ್ರಿಸಿದರು. ದನಿಯಲ್ಲಿ ಸಿಟ್ಟು, ಪ್ರೀತಿ, ದುಃಖ ಎಲ್ಲ ಇದೆ, ಊರು ಮಾತ್ರ ಇಲ್ಲ. ಹೀಗಾಗಿ ಊರು, ವಯಸ್ಸು, ಕಸುಬು, ಅಂತಸ್ತು ಎಲ್ಲವನ್ನೂ ಹೇಳುವ ಭಾರ ಬಟ್ಟೆಯ ಮೇಲೆ ಬಿತ್ತು.

ಚರ್ಮವೇ ಬಟ್ಟೆ

2000ದ ಆಟದಲ್ಲಿ ಬಟ್ಟೆ ಎಂಬ ಪ್ರತ್ಯೇಕ ವಸ್ತುವೇ ಇರಲಿಲ್ಲ ಎಂದರೂ ನಡೆದೀತು. ತಲೆ ಒಂದು, ಮೈ ಇನ್ನೊಂದು, ಎರಡನ್ನೇ ಆರಿಸಬೇಕು. ಮೈ ಎಂದರೆ ಬಟ್ಟೆ ತೊಟ್ಟ ಮೈ. ಅಂಗಿ ಬೇರೆ, ಪ್ಯಾಂಟು ಬೇರೆ ಎಂದು ಆರಿಸುವಂತಿಲ್ಲ. ಗೊಂಬೆಯ ಆಕಾರದ ಸುತ್ತ ಒಂದು ಬಣ್ಣದ ಚಿತ್ರವನ್ನು ಸುತ್ತಿರುತ್ತಿತ್ತು. ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕುತ್ತೇವಲ್ಲ, ಹಾಗೆ. ಗುಂಡಿ, ಜೇಬು, ನಿರಿಗೆ ಎಲ್ಲವೂ ಬರೆದದ್ದೇ. ಆಟಗಾರರು ಅದನ್ನು ‘ಸ್ಕಿನ್’, ಎಂದರೆ ಚರ್ಮ ಎಂದೇ ಕರೆದರು.

ಈ ಬಡತನದಿಂದಲೇ ಒಂದು ದೊಡ್ಡ ಉಪಕಾರವಾಯಿತು. ಆ ಹೊದಿಕೆ ಒಂದು ಸಾಮಾನ್ಯ ಚಿತ್ರದ ಕಡತವಾಗಿದ್ದರಿಂದ, ಚಿತ್ರ ಬರೆಯುವ ಸಾದಾ ತಂತ್ರಾಂಶ ಇದ್ದವರು ಯಾರೂ ಅದನ್ನು ತೆರೆದು ತಮಗೆ ಬೇಕಾದ ಬಣ್ಣ ತುಂಬಬಹುದಿತ್ತು. ಕಂಪನಿಯೂ ಬಾಗಿಲು ಹಾಕಲಿಲ್ಲ. ಆಟ ಪೇಟೆಗೆ ಬರುವ ಮೊದಲೇ ಅಂಥ ಬಟ್ಟೆಗಳನ್ನು ತೊಡಿಸಿ ನೋಡುವ ಸಲಕರಣೆಯನ್ನು ಜನರ ಕೈಗೆ ಕೊಟ್ಟಿತು. ಸ್ವಲ್ಪ ದಿನಗಳಲ್ಲೇ ಕಂಪನಿ ಕೊಟ್ಟ ಬಟ್ಟೆಗಿಂತ ಜನರು ಹೊಲಿದ ಬಟ್ಟೆಯೇ ಹೆಚ್ಚಾಯಿತು. ಆಟಕ್ಕೆ ಜಗತ್ತಿನ ತುಂಬ ಸಿಂಪಿಗರು ಹುಟ್ಟಿಕೊಂಡರು, ಒಬ್ಬರಿಗೂ ಸಂಬಳ ಇರಲಿಲ್ಲ.

2001ರ ‘ಹಾಟ್ ಡೇಟ್’ ಎಂಬ ಹೆಚ್ಚುವರಿ ಭಾಗದಲ್ಲಿ ಪಾತ್ರಗಳು ಪೇಟೆಗೆ ಹೋಗಿ ಬಟ್ಟೆ ಕೊಳ್ಳುವ ಅನುಕೂಲ ಬಂತು. ಬಟ್ಟೆ ಚರ್ಮದಿಂದ ಬೇರ್ಪಟ್ಟು ಸರಕಾಗಲು ಶುರುವಾದದ್ದು ಇಲ್ಲಿಂದ.

ಹೊತ್ತಿಗೊಂದು ಬಟ್ಟೆ

2004ರ ಸೆಪ್ಟೆಂಬರಿನಲ್ಲಿ ಬಂದ ‘ದಿ ಸಿಮ್ಸ್ 2’ರಲ್ಲಿ ಪಾತ್ರಗಳಿಗೆ ಆಯುಷ್ಯ ಬಂತು. ಕೂಸು, ಅಂಬೆಗಾಲಿನ ಮಗು, ಬಾಲಕ, ಹದಿಹರೆಯ, ಪ್ರಾಯ, ಮುಪ್ಪು ಎಂದು ಬೆಳೆಯತೊಡಗಿದರು. ಬೆಳೆದಂತೆ ಬಟ್ಟೆಯೂ ಬದಲಾಗಬೇಕಲ್ಲ? ಮೇಲಂಗಿ ಬೇರೆ, ಕೆಳಗಿನದು ಬೇರೆ ಆರಿಸುವ ಸೌಕರ್ಯ ಬಂತು. ಜೊತೆಗೆ ಹೊತ್ತಿಗೆ ತಕ್ಕ ವಿಭಾಗಗಳು ಗಟ್ಟಿಯಾದವು: ದಿನಬಳಕೆಯದು, ಸಮಾರಂಭದ್ದು, ಒಳ ಉಡುಪು, ಮಲಗುವಾಗಿನದು, ಈಜುವಾಗಿನದು, ವ್ಯಾಯಾಮದ್ದು. ಪಾತ್ರ ನೀರಿಗೆ ಇಳಿಯುವ ಮುಂಚೆ ನಿಂತಲ್ಲೇ ಗರ್ರನೆ ಒಂದು ಸುತ್ತು ತಿರುಗಿದರೆ ಸಾಕು, ಬಟ್ಟೆ ಬದಲು! ನೌಕರಿಗೆ ಹೊರಟರೆ ಸಮವಸ್ತ್ರ ತಾನಾಗಿ ಬರುತ್ತದೆ.

ಹೊಸ ಬಟ್ಟೆ ಬೇಕಾದರೆ ಅಂಗಡಿಗೆ ಹೋಗಿ ‘ಸಿಮೋಲಿಯನ್’ ಎಂಬ ಆಟದ ನಾಣ್ಯ ಕೊಡಬೇಕು. ತಂದ ಬಟ್ಟೆ ಮನೆಯ ಕಪಾಟಿಗೆ ಸೇರುತ್ತದೆ. ಒಂದೇ ವಯಸ್ಸಿನ ಗಂಡಸರೆಲ್ಲರೂ, ಹಾಗೆಯೇ ಹೆಂಗಸರೆಲ್ಲರೂ ಅದನ್ನು ಹಂಚಿಕೊಂಡು ತೊಡಬಹುದು. ಅಣ್ಣನ ಅಂಗಿ ತಮ್ಮನಿಗೆ ಎಂಬ ನಮ್ಮ ಮನೆಗಳ ಪದ್ಧತಿ ಇಲ್ಲಿ ಗೊತ್ತಿಲ್ಲದೆಯೇ ಬಂದಂತಾಯಿತು.

ಇಲ್ಲಿ ಮೇಷ್ಟ್ರಾಗಿ ನಾವು ಒಂದು ಪ್ರಶ್ನೆ ಕೇಳಲೇಬೇಕು. ಈ ಆರು ವಿಭಾಗಗಳನ್ನು ಮಾಡಿದವರು ಯಾರ ಜೀವನ ನೋಡಿ ಮಾಡಿದರು? ಹಿತ್ತಲಲ್ಲಿ ಈಜುಕೊಳ, ಊರಲ್ಲಿ ವ್ಯಾಯಾಮಶಾಲೆ ಇರುವ ಅಮೆರಿಕದ ನಗರದ ಅಂಚಿನ ಮನೆಗಳ ಜೀವನ ಅದು. ನಮ್ಮ ಕಡೆ ಯಾರಾದರೂ ಪಟ್ಟಿ ಮಾಡಿದ್ದರೆ ಹೊಲದ ಬಟ್ಟೆ, ಮಡಿ ಬಟ್ಟೆ, ಜಾತ್ರೆಯ ಬಟ್ಟೆ, ಶಾಲೆಯ ಬಟ್ಟೆ, ಬೀಗರ ಊರಿಗೆ ಹೋಗುವ ಬಟ್ಟೆ ಎಂದು ಬರುತ್ತಿತ್ತು. ಯಾವ ಬಟ್ಟೆ ಯಾವ ವಿಭಾಗಕ್ಕೆ ಎಂಬುದನ್ನೂ ಮೊದಲೇ ಬರೆದಿಟ್ಟಿರುತ್ತಿತ್ತು. ಆಟಗಾರ ಬಟ್ಟೆಯನ್ನು ಆರಿಸುತ್ತಾನೆ ನಿಜ, ಆದರೆ ಬದುಕಿನ ಹೊತ್ತುಗಳು ಇವಿಷ್ಟೇ ಎಂಬುದನ್ನು ಆರಿಸುವುದು ಅವನಲ್ಲ.

ಈ ಆಟಕ್ಕೂ ಮೊದಲೇ ‘ಬಾಡಿ ಶಾಪ್’ ಎಂಬ ಹೊಲಿಗೆಯ ಸಲಕರಣೆಯನ್ನು ಉಚಿತವಾಗಿ ಬಿಟ್ಟಿದ್ದರು. 2007ರ ‘ಸೀಸನ್ಸ್’ ಭಾಗದಲ್ಲಿ ಮಳೆ, ಚಳಿ, ಹಿಮ ಬಂದವು. ಅವುಗಳೊಡನೆ ಬೆಚ್ಚನೆಯ ಹೊರ ಉಡುಪು ಎಂಬ ಏಳನೆಯ ವಿಭಾಗವೂ ಬಂತು. ಅದಿಲ್ಲದೆ ಹಿಮದಲ್ಲಿ ನಿಂತ ಪಾತ್ರ ಮರಗಟ್ಟಿ ಹೋಗುತ್ತಿತ್ತು. ಅಲ್ಲಿಯತನಕ ಬಟ್ಟೆ ಬರೀ ಅಂದಕ್ಕೆ ಇತ್ತು, ಈಗ ಮೈ ಕಾಯುವ ಕೆಲಸಕ್ಕೂ ನಿಂತಿತು. ಅದೇ 2007ರಲ್ಲಿ ಸ್ವೀಡನ್ನಿನ ‘ಎಚ್ ಆ್ಯಂಡ್ ಎಮ್’ ಕಂಪನಿಯ ನಿಜವಾದ ಉಡುಪುಗಳ ಮಾದರಿಗಳು ಆಟದೊಳಗೆ ಮಾರಾಟಕ್ಕೆ ಬಂದವು.

ಬಣ್ಣ ಬಂತು, ಬಣ್ಣ ಹೋಯಿತು

2009ರ ಜೂನಿನ ‘ದಿ ಸಿಮ್ಸ್ 3’ರಲ್ಲಿ ‘ಕ್ರಿಯೇಟ್ ಎ ಸ್ಟೈಲ್’ ಎಂಬ ವಿದ್ಯೆ ಬಂತು. ಯಾವ ಬಟ್ಟೆಗಾದರೂ ಯಾವ ಬಣ್ಣವನ್ನಾದರೂ ಹಾಕಬಹುದು. ಪಟ್ಟೆ, ಚೌಕಳಿ, ಹೂವು ಯಾವುದನ್ನಾದರೂ ಹರಡಬಹುದು. ಅಂಗಿಗೆ ಹಾಕಿದ್ದನ್ನೇ ಸೋಫಾಕ್ಕೂ ಹಾಕಬಹುದು. ಹೊಲಿಗೆ ಗೊತ್ತಿಲ್ಲದವರಿಗೂ ಬಣ್ಣಗಾರಿಕೆ ಸಿಕ್ಕಿತು. ಅಂಗಡಿಗೆ ಹೋಗಿ ಕೊಳ್ಳುವ ಕೆಲಸವೂ ತಪ್ಪಿತು, ಮನೆಯ ಕಪಾಟು ತೆರೆದರೆ ಎಲ್ಲ ಬಟ್ಟೆ ಪುಕ್ಕಟೆ.

2014ರ ಸೆಪ್ಟೆಂಬರಿನಲ್ಲಿ ಬಂದ ‘ದಿ ಸಿಮ್ಸ್ 4’ ಈ ಬಣ್ಣಗಾರಿಕೆಯನ್ನು ತೆಗೆದುಹಾಕಿತು. ಪ್ರತಿ ಬಟ್ಟೆಗೂ ಕಂಪನಿಯವರು ಗೊತ್ತುಮಾಡಿದ ಕೆಲವೇ ಬಣ್ಣಗಳು. ಅದಕ್ಕೆ ಬದಲಾಗಿ ಒಂದೊಂದು ವಿಭಾಗದಲ್ಲಿ ಐದೈದು ಜೊತೆ ಉಡುಪು ಇಟ್ಟುಕೊಳ್ಳುವ ಅವಕಾಶ ಸಿಕ್ಕಿತು. ಪಾರ್ಟಿಯ ಉಡುಪು ಎಂಬ ವಿಭಾಗ ಬಂತು. 2018ರ ‘ಸೀಸನ್ಸ್’ನಲ್ಲಿ ಬಿಸಿಲಿಗೊಂದು, ಚಳಿಗೊಂದು ವಿಭಾಗ ಸೇರಿದವು. ಈ ಸಲ ತಪ್ಪು ಬಟ್ಟೆ ತೊಟ್ಟು ಹೊರಗೆ ಹೆಚ್ಚು ಹೊತ್ತು ಇದ್ದರೆ ಪಾತ್ರ ಸತ್ತೇ ಹೋಗಬಹುದು.

ಇಲ್ಲಿ ಹಣದ ಲೆಕ್ಕವನ್ನು ಸ್ವಲ್ಪ ಗಮನಿಸಿ. 2004ರ ಆಟದಲ್ಲಿ ಬಟ್ಟೆಗೆ ದುಡ್ಡು ಕೊಡುತ್ತಿದ್ದುದು ಪಾತ್ರ, ಅದೂ ಆಟದ ನಾಣ್ಯದಲ್ಲಿ. ‘ಸಿಮ್ಸ್ 4’ರಲ್ಲಿ ಪಾತ್ರಕ್ಕೆ ಬಟ್ಟೆ ಸಾಮಾನ್ಯವಾಗಿ ಪುಕ್ಕಟೆ, ಆದರೆ ಹೊಸ ಬಟ್ಟೆಯ ಗಂಟು ಬೇಕಾದರೆ ಆಟಗಾರ ತನ್ನ ನಿಜವಾದ ದುಡ್ಡು ಕೊಡಬೇಕು. 2021ರ ಮಾರ್ಚಿನಿಂದ ‘ಕಿಟ್’ ಎಂಬ ಚಿಕ್ಕ ಗಂಟುಗಳೂ ಮಾರಾಟಕ್ಕೆ ಬಂದವು. 2022ರ ಅಕ್ಟೋಬರಿನಲ್ಲಿ ಮೂಲ ಆಟವನ್ನೇ ಉಚಿತ ಮಾಡಿದರು. ಮನೆ ಉಚಿತ, ಕಪಾಟು ತುಂಬಿಸಲು ಮಾತ್ರ ಹಣ. ಬಟ್ಟೆ ಆಟದೊಳಗಿನ ಅಂಗಡಿಯಿಂದ ಎದ್ದು ಹೊರಗಿನ ಅಂಗಡಿಗೆ ಬಂದು ಕುಳಿತಿತು.

ಗೆರೆ ಅಳಿಸಿದ ವರ್ಷ

ಈ ಇತಿಹಾಸದಲ್ಲಿ ನೆನಪಿಡಬೇಕಾದ ದಿನ 2016ರ ಜೂನ್ 2. ಅಲ್ಲಿಯವರೆಗೆ ಗಂಡಿನ ಬಟ್ಟೆ ಹೆಣ್ಣಿಗಿಲ್ಲ, ಹೆಣ್ಣಿನದು ಗಂಡಿಗಿಲ್ಲ. ಅಂದು ಒಂದು ಉಚಿತ ಪರಿಷ್ಕರಣೆಯಲ್ಲಿ ಆ ಗೆರೆಯನ್ನು ಅಳಿಸಿದರು. ಒಂದು ಬದಿಗೆ ಮಾತ್ರ ಮೀಸಲಾಗಿದ್ದ 700ಕ್ಕೂ ಹೆಚ್ಚು ಉಡುಪು, ಕೇಶಶೈಲಿ ಮುಂತಾದವು ಎಲ್ಲರಿಗೂ ಸಿಕ್ಕವು. ಅಮೆರಿಕದ ‘ಗ್ಲಾಡ್’ ಸಂಸ್ಥೆಯೊಡನೆ ಕೂಡಿ ಮಾಡಿದ ಬದಲಾವಣೆ ಅದು. 2020ರ ಡಿಸೆಂಬರಿನಲ್ಲಿ, ಆಟಗಾರರ ದೀರ್ಘ ಒತ್ತಾಯದ ಬಳಿಕ, ನೂರಕ್ಕೂ ಹೆಚ್ಚು ಹೊಸ ಮೈಬಣ್ಣಗಳು ಸೇರಿದವು. ಕಪ್ಪು ಮೈಬಣ್ಣ ಬೂದಿ ಬಳಿದಂತೆ ಕಾಣುತ್ತದೆ ಎಂಬ ದೂರು ಬಹಳ ವರ್ಷಗಳದ್ದು. 2023ರ ಜನವರಿಯಲ್ಲಿ ಕಿವಿಗೆ ಹಾಕುವ ಶ್ರವಣ ಸಾಧನ, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸಾಧನ ಕೂಡ ಕಪಾಟಿಗೆ ಬಂದವು. ತನ್ನಂಥದೇ ಸಾಧನ ತೊಟ್ಟ ಗೊಂಬೆಯನ್ನು ನೋಡುವುದು ಕಿವಿ ಕೇಳಿಸದ ಒಂದು ಮಗುವಿಗೆ ಏನು ಎಂಬುದು ತರಗತಿಯಲ್ಲಿ ನಿಂತವರಿಗೆ ಗೊತ್ತು.

ಸೀರೆ ಎಂಬ ತೊಡಕು

ಸೀರೆಯ ಮಾತು ಎತ್ತದೆ ನಾವು ಮುಗಿಸುವ ಹಾಗಿಲ್ಲ. ‘ಸಿಮ್ಸ್ 4’ರ ಕಪಾಟಿನಲ್ಲಿ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ, ಇಡೀ ಮೈಯ ಬಟ್ಟೆ ಎಂದು ಖಾನೆಗಳಿವೆ. ಎಲ್ಲವೂ ಹೊಲಿದ ಬಟ್ಟೆಯ ಲೆಕ್ಕಾಚಾರ. ಬಟ್ಟೆಯ ಆಕಾರವನ್ನು ಪಾತ್ರದ ಎಲುಬಿನ ಹಂದರಕ್ಕೆ ಕಟ್ಟಿಹಾಕಿರುತ್ತಾರೆ, ಕೈ ಎತ್ತಿದರೆ ತೋಳೂ ಎದ್ದುಬರುತ್ತದೆ. ಸೀರೆ ಹೊಲಿದದ್ದಲ್ಲ, ಉಟ್ಟದ್ದು. ನಮ್ಮ ಕಡೆಯ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಅದೇ ಬಟ್ಟೆಯನ್ನು ಒಬ್ಬಳು ಕಚ್ಚೆ ಹಾಕಿ ಉಡುತ್ತಾಳೆ, ಇನ್ನೊಬ್ಬಳು ನಿರಿಗೆ ಹಿಡಿದು ಉಡುತ್ತಾಳೆ. ಸೆರಗನ್ನು ಹೊತ್ತು ಬಂದಂತೆ ತಲೆಗೆ ಹೊದೆಯುತ್ತಾಳೆ, ನಡುವಿಗೆ ಸಿಕ್ಕಿಸುತ್ತಾಳೆ, ಮಗುವಿನ ಮೂಗನ್ನೂ ಒರೆಸುತ್ತಾಳೆ. ಆಟದಲ್ಲಿ ಸೀರೆ ಮಾಡಿದರೆ ಅದು ಇಡೀ ಮೈಯ ಖಾನೆಗೆ ಸೇರಿದ, ಸೀರೆಯ ಚಿತ್ರವಿರುವ ಒಂದು ಫ್ರಾಕು. ಸೆರಗು ಹೆಗಲಿಗೆ ಅಂಟಿಕೊಂಡೇ ಇರುತ್ತದೆ. ಉಡುವ ವಿದ್ಯೆಗೆ ಅಲ್ಲಿ ಖಾನೆಯೇ ಇಲ್ಲ.

ಹಾಗೆಂದು ನಮ್ಮ ದೇಶ ಅಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. 2021ರ ಅಕ್ಟೋಬರಿನಲ್ಲಿ ‘ಫ್ಯಾಷನ್ ಸ್ಟ್ರೀಟ್’ ಎಂಬ ಕಿಟ್ ಬಂತು. ಮುಂಬಯಿಯ ಅದೇ ಹೆಸರಿನ ಬೀದಿಬದಿ ಬಟ್ಟೆ ಅಂಗಡಿಗಳೇ ಅದಕ್ಕೆ ಸ್ಫೂರ್ತಿ. ದೇಶವಿದೇಶದ ಆಟಗಾರರು ತಾವೇ ತಯಾರಿಸಿ ಹಂಚಿದ ಸೀರೆ, ಲಂಗ, ಕುರ್ತಾಗಳಂತೂ ಬೇಕಾದಷ್ಟಿವೆ. ಕಂಪನಿ ಹೊಲಿಯದ್ದನ್ನು ಜನ ಹೊಲಿದುಕೊಳ್ಳುವ 2000ದ ಆ ಪದ್ಧತಿ ನಿಂತಿಲ್ಲ.

ಇಷ್ಟು ವರ್ಷಗಳ ಕಥೆಯಿಂದ ನಮಗೆ ಕಾಣುವುದು ಇದು. ಆ ಕಪಾಟಿನ ಖಾನೆಗಳು ಒಂದೂ ತಾನಾಗಿ ಹುಟ್ಟಿದ್ದಲ್ಲ. ಯಾರೋ ಕುಳಿತು ಬರೆದದ್ದು, ಮುಂದೆ ಯಾರೋ ಕೇಳಿ ತಿದ್ದಿಸಿದ್ದು. ಆರು ವಿಭಾಗ ಏಳಾಯಿತು, ಗಂಡು ಹೆಣ್ಣಿನ ಗೆರೆ ಅಳಿಯಿತು, ಮೈಬಣ್ಣ ನೂರು ದಾಟಿತು. ಕೇಳುವವರು ಇದ್ದುದರಿಂದ, ಇಲ್ಲದ್ದನ್ನು ತಾವೇ ಮಾಡಿ ತೋರಿಸಿದವರು ಇದ್ದುದರಿಂದ ಆಯಿತು. ಮಕ್ಕಳು ಈ ಆಟ ಆಡುವುದನ್ನು ಕಂಡರೆ ಹಿರಿಯರು ಬೈಯುವ ಬದಲು ಹತ್ತಿರ ಕುಳಿತು ಒಂದು ಮಾತು ಕೇಳಬಹುದು: ‘ಈ ಕಪಾಟಿನ್ಯಾಗ ನಿಮ್ಮ ಅಜ್ಜಿ ಉಡೂದು ಏನರ ಐತೇನು?’ ಇಲ್ಲ ಎಂದರೆ ಯಾಕಿಲ್ಲ ಎಂದು ಯೋಚಿಸಲಿ. ಚಿತ್ರ ಬರೆಯುವ ಕೈ ಇದ್ದ ಮಗು ಅಷ್ಟಕ್ಕೇ ಸುಮ್ಮನಿರಲಿಕ್ಕಿಲ್ಲ, ಒಂದು ಇಳಕಲ್ ಸೀರೆಯನ್ನು ತಾನೇ ಬರೆದು ಹಾಕೀತು.